ನೀರು ಆಚೆಯದು, ಗಿರಾಕಿ ದೂರದವನು: ಹಾಂಗ್‌ಕಾಂಗ್ ತಿರುಗಾಟದ ದಿನಚರಿ

ಶುಕ್ರವಾರ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಹಾಂಗ್‌ಕಾಂಗ್‌ಗೆ ವೀಸಾ ಬೇಡ. ಆದರೆ ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಆ ಹಾಳೆ ಪ್ರಿಂಟ್ ತೆಗೆದುಕೊಂಡು ಹೋಗಬೇಕು. 14 ದಿನ ಇರಬಹುದು. ಬೆಂಗಳೂರಿನಿಂದ ನೇರ ವಿಮಾನವೂ ಇದೆ. ಹೋಗುವವರಲ್ಲಿ ಬಹಳ ಜನ ಡಿಸ್ನಿಲ್ಯಾಂಡ್‌ಗೆ ಹೋಗುತ್ತಾರೆ. ನಾನು ಹೋಗಲಿಲ್ಲ.

ನನಗೆ ನೋಡಬೇಕಿದ್ದದ್ದು ಹಳೇ ಲೆಕ್ಕ. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋದಾಗಿನಿಂದ 1997ರಲ್ಲಿ ಬ್ರಿಟನ್ ಇದನ್ನು ಚೀನಾಕ್ಕೆ ಬಿಟ್ಟುಕೊಡುವವರೆಗೆ ಈ ಊರು ಹೇಗೆ ಬದುಕಿತು ಅನ್ನೋದು. ಪಕ್ಕದಲ್ಲೇ ಕಮ್ಯುನಿಸ್ಟ್ ಚೀನಾ. ಆಳುವ ಬ್ರಿಟನ್ ಭೂಮಿಯ ಇನ್ನೊಂದು ಮೂಲೆಯಲ್ಲಿ. ಅಕ್ಕಿ ಹೊರಗಿನದು, ನೀರು ಹೊರಗಿನದು, ಗಿರಣಿಗೆ ಹತ್ತಿ ಹೊರಗಿನದು, ಕೊಳ್ಳುವವರೂ ಹೊರಗಿನವರೇ. ಇಂಥ ಊರನ್ನು ಮುಳುಗಿಸಲು ಸೈನ್ಯ ಬೇಕಾ? ನಲ್ಲಿ ತಿರುಗಿಸಿದರೆ ಸಾಕು.

ಉಳಿದುಕೊಂಡದ್ದು ಮೇ ಹೋ ಹೌಸ್‌ನಲ್ಲಿ. ಶಾಮ್ ಶುಯಿ ಪೋ ಬಡಾವಣೆಯ ಈ ಕಟ್ಟಡ ಈಗ ಯೂತ್ ಹಾಸ್ಟೆಲ್. ಕೆಳಗಡೆ ಪುಟ್ಟ ಮ್ಯೂಸಿಯಂ ಇದೆ. ಕಟ್ಟಿದ್ದು 1954ರಲ್ಲಿ. 1953ರ ಕ್ರಿಸ್‌ಮಸ್ ರಾತ್ರಿ ಪಕ್ಕದ ಶೆಕ್ ಕಿಪ್ ಮೇ ಗುಡಿಸಲು ಪ್ರದೇಶಕ್ಕೆ ಬೆಂಕಿ ಬಿತ್ತು. ಒಂದೇ ರಾತ್ರಿಯಲ್ಲಿ 50 ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಂದರು. ಅವರಲ್ಲಿ ಬಹಳಷ್ಟು ಮಂದಿ ಚೀನಾದಿಂದ ಓಡಿ ಬಂದವರು. ಯುದ್ಧದಲ್ಲಿ ಊರನ್ನು ಹಿಡಿದಿದ್ದ ಜಪಾನಿಯರು ಸೋತ 1945ರಲ್ಲಿ ಊರಲ್ಲಿ ಇದ್ದದ್ದು ಸುಮಾರು 6 ಲಕ್ಷ ಜನ. ಐದಾರು ವರ್ಷದಲ್ಲಿ ಅದು 20 ಲಕ್ಷ ದಾಟಿತ್ತು.

ಮ್ಯೂಸಿಯಂನಲ್ಲಿ ಆಗಿನ ಕೋಣೆಯೊಂದನ್ನು ಹಾಗೇ ಜೋಡಿಸಿ ಇಟ್ಟಿದ್ದಾರೆ. 120 ಚದರ ಅಡಿ. ಐದು ಜನ ದೊಡ್ಡವರಿಗೆ ಇಷ್ಟು ಅಂತ ಲೆಕ್ಕ. ಅಂತಸ್ತಿನ ಮಂಚ, ಮಂಚದ ಕೆಳಗೆ ತಗಡಿನ ಡಬ್ಬಿಗಳು, ಗೋಡೆಗೆ ಒತ್ತಿಕೊಂಡು ಹೊಲಿಗೆ ಯಂತ್ರ. ಅಡುಗೆ ಹೊರಗೆ ಮೊಗಸಾಲೆಯಲ್ಲಿ. ನಲ್ಲಿ, ಕಕ್ಕಸು ಎಲ್ಲರಿಗೂ ಸೇರಿ. ಆ ಹೊಲಿಗೆ ಯಂತ್ರದ ಎದುರು ನಾನು ಸ್ವಲ್ಪ ಹೊತ್ತು ನಿಂತೆ. ಹಾಂಗ್‌ಕಾಂಗಿನ ಕಾರ್ಖಾನೆ ಯುಗ ಅರ್ಧ ಇಂಥ ಕೋಣೆಗಳಲ್ಲೇ ನಡೆದದ್ದು.

ಅದಕ್ಕೂ ಮುಂಚೆ ಈ ಊರು ಕಾರ್ಖಾನೆಯ ಊರಾಗಿರಲಿಲ್ಲ. ದಲ್ಲಾಳಿ ಊರು. ಚೀನಾದ ಸರಕು ಜಗತ್ತಿಗೆ, ಜಗತ್ತಿನ ಸರಕು ಚೀನಾಕ್ಕೆ, ಮಧ್ಯೆ ಕಮಿಷನ್. ಕೊರಿಯಾ ಯುದ್ಧ ಶುರುವಾಗಿ ಚೀನಾ ಅಮೆರಿಕದ ವಿರುದ್ಧ ಕಣಕ್ಕಿಳಿಯಿತು. 1950ರ ಡಿಸೆಂಬರ್‌ನಲ್ಲಿ ಅಮೆರಿಕ ಚೀನಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿತು. 1951ರ ಮೇನಲ್ಲಿ ವಿಶ್ವಸಂಸ್ಥೆಯೂ ಹೇರಿತು. ಮರುವರ್ಷ ಹಾಂಗ್‌ಕಾಂಗ್‌ನಿಂದ ಚೀನಾಕ್ಕೆ ಹೋಗುವ ಸರಕು ಹೆಚ್ಚುಕಮ್ಮಿ ಮೂರನೇ ಒಂದು ಪಾಲಿಗೆ ಇಳಿಯಿತು. ನೂರು ವರ್ಷದ ಕಸುಬು ಒಂದೇ ವರ್ಷದಲ್ಲಿ ಹೋಯಿತು.

ಗಮನಿಸಿ, ಹೊಡೆದದ್ದು ಮಾವೋ ಅಲ್ಲ, ಬ್ರಿಟನ್ನಿನ ಗೆಳೆಯ ಅಮೆರಿಕ. ಮುಂದಿನ ನಾಲ್ಕು ದಿನದಲ್ಲಿ ಇದೇ ಮಾತು ನನಗೆ ಮತ್ತೆ ಮತ್ತೆ ಎದುರಾಯಿತು.

ಉಳಿಯಲು ಇದ್ದ ದಾರಿ ತಾವೇ ಏನಾದರೂ ತಯಾರಿಸೋದು. ಶಾಂಘೈನಿಂದ ಓಡಿ ಬಂದ ಗಿರಣಿ ಮಾಲೀಕರ ಹತ್ತಿರ ದುಡ್ಡು, ಯಂತ್ರ, ಅನುಭವ ಇತ್ತು. ಗುಡಿಸಲುಗಳಲ್ಲಿ ಅಗ್ಗದ ಕೈಗಳು ಇದ್ದವು. ಆದರೆ ಅಮೆರಿಕಕ್ಕೆ ಮಾರಬೇಕಾದರೆ ಇದು ಕೆಂಪು ಚೀನಾದ ಮಾಲಲ್ಲ, ಹಾಂಗ್‌ಕಾಂಗ್‌ನಲ್ಲೇ ಆದದ್ದು ಅಂತ ಸರ್ಕಾರದಿಂದ ಪ್ರಮಾಣಪತ್ರ ಬೇಕಿತ್ತು. ಇದರ ತಮಾಷೆ 2020ರಲ್ಲಿ ನಡೆಯಿತು. ಅದೇ ಅಮೆರಿಕ ಆ ವರ್ಷ ಹಾಂಗ್‌ಕಾಂಗ್‌ನ ವಿಶೇಷ ಸ್ಥಾನ ಕಿತ್ತುಹಾಕಿ, ಇನ್ನು ಮೇಲೆ ನಿಮ್ಮ ಸರಕಿನ ಮೇಲೆ ಚೀನಾದಲ್ಲಿ ತಯಾರಾದದ್ದು ಅಂತಲೇ ಬರೆಯಬೇಕು ಎಂದಿತು. ಎಪ್ಪತ್ತು ವರ್ಷದ ಹಿಂದೆ ಚೀನಾದ್ದಲ್ಲ ಅಂತ ಸಾಬೀತು ಮಾಡಬೇಕಿತ್ತು, ಈಗ ಚೀನಾದ್ದೇ ಅಂತ ಒಪ್ಪಿಕೊಳ್ಳಬೇಕು.

ರಾತ್ರಿ ಊಟಕ್ಕೆ ತರಕಾರಿ ನೂಡಲ್ಸ್. ಅದರಲ್ಲಿ ಸಿಗಡಿ ಪುಡಿ ಇತ್ತೋ ಏನೋ, ಕೇಳಲು ಹೋಗಲಿಲ್ಲ.

ಶನಿವಾರ

ಗೆಳೆಯ ಬೆಳಿಗ್ಗೆ ಬಂದ. ಕುಂದಾಪುರ ಕಡೆಯವನು, ಇಲ್ಲಿ ಹಡಗು ಸಾಗಣೆ ಕಂಪನಿಯೊಂದರಲ್ಲಿ ಕೆಲಸ. "ಎಲ್ಲಾ ಬಿಟ್ಟು ಅಣೆಕಟ್ಟು ನೋಡ್ಲಿಕ್ಕೆ ಬಂದಿದ್ದೀಯಲ್ಲ ಮಾರಾಯ" ಅಂತ ನಗುತ್ತಲೇ ಇದ್ದ. ತಾಯ್ ಪೋ ಮಾರ್ಕೆಟ್‌ವರೆಗೆ ರೈಲು, ಅಲ್ಲಿಂದ 75ಕೆ ಬಸ್. ಕೊನೇ ಸ್ಟಾಪು ತಾಯ್ ಮೇ ಟುಕ್. ಶನಿವಾರ ಆದ್ದರಿಂದ ಸೈಕಲ್ ಬಾಡಿಗೆ ಅಂಗಡಿಗಳ ಮುಂದೆ ಮಕ್ಕಳ ಗದ್ದಲ.

ಪ್ಲೋವರ್ ಕೋವ್ ಜಲಾಶಯದ ಕಟ್ಟೆ ಸುಮಾರು 2 ಕಿಲೋಮೀಟರ್ ಉದ್ದ. ಇದರ ವಿಚಿತ್ರ ಅಂದರೆ, ಕಟ್ಟಿದ್ದು ನದಿಗಲ್ಲ, ಸಮುದ್ರಕ್ಕೆ. ಕೊಲ್ಲಿಯ ಬಾಯಿಗೆ ಕಟ್ಟೆ ಹಾಕಿ, ಒಳಗಿನ ಉಪ್ಪು ನೀರು ಪಂಪ್ ಮಾಡಿ ಹೊರಗೆ ಚೆಲ್ಲಿ, ಆಮೇಲೆ ಸಿಹಿ ನೀರು ತುಂಬಿಸಿದರು. ಜಗತ್ತಿನಲ್ಲೇ ಇಂಥದ್ದು ಇದು ಮೊದಲು. 1960ರಲ್ಲಿ ಶುರುಮಾಡಿ 1968ರಲ್ಲಿ ಮುಗಿಸಿದರು. ಕಟ್ಟೆ ಮೇಲೆ ನಡೆಯುವಾಗ ಎಡಗಡೆ ಕುಡಿಯುವ ನೀರು, ಬಲಗಡೆ ಕಡಲು. ಎರಡರ ಬಣ್ಣವೂ ಒಂದೇ. ಗಾಳಿ ಮಾತ್ರ ಟೋಪಿ ಹಾರಿಸುವಷ್ಟು.

ಇಂಥ ಹುಚ್ಚು ಸಾಹಸಕ್ಕೆ ಕೈಹಾಕಿದ್ದು ಯಾಕೆ ಅಂದರೆ, ಈ ಊರಲ್ಲಿ ಹೇಳಿಕೊಳ್ಳುವಂಥ ನದಿಯಿಲ್ಲ. ದೊಡ್ಡ ಕೆರೆಯಿಲ್ಲ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 1963ರಲ್ಲಿ ಮಳೆ ಕೈಕೊಟ್ಟಿತು. ಜೂನ್‌ನಿಂದ ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ ನೀರು ಬಿಟ್ಟರು. ಹಡಗು ಕಳಿಸಿ ಪರ್ಲ್ ನದಿಯಿಂದ ನೀರು ತುಂಬಿಸಿಕೊಂಡು ಬಂದರು. ಹುಬ್ಬಳ್ಳಿಯ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ ಬಿಡಿ. ನೀರು ಬರುವ ಸುದ್ದಿಗೆ ಮನೆಯ ಪಾತ್ರೆ ಪಗಡೆ ಎಲ್ಲ ಸಾಲಿಗೆ ನಿಲ್ಲುವುದು ಅಲ್ಲಿಯೂ ಒಂದೇ. ಹಿಂದಿನ ದಿನ ಮ್ಯೂಸಿಯಂನಲ್ಲಿ ಸಿಕ್ಕ, ಹಿಂದೆ ಅಲ್ಲೇ ಬೆಳೆದ ಅಜ್ಜ ಒಬ್ಬರು ಹೇಳಿದ್ದರು: ಅಮ್ಮ ಕೆಲಸಕ್ಕೆ ಹೋದ ದಿನ ನೀರು ಬಂದರೆ ಶಾಲೆಗೆ ಚಕ್ಕರ್, ನೀರು ಹಿಡಿಯೋದೇ ಅವತ್ತಿನ ಪಾಠ.

ಕೊನೆಗೆ ಚೀನಾದ ಕಡೆಗೇ ಕೈ ಚಾಚಿದರು. 1960ರಲ್ಲೇ ಶೆನ್‌ಜೆನ್ ಜಲಾಶಯದ ನೀರಿಗೆ ಒಪ್ಪಂದ ಆಗಿತ್ತು. 1964ರ ಏಪ್ರಿಲ್‌ನಲ್ಲಿ ದೊಡ್ಡ ಒಪ್ಪಂದ ಆಯಿತು. ದೊಂಗ್‌ಜಿಯಾಂಗ್ ನದಿಯಿಂದ ವರ್ಷಕ್ಕೆ 6.8 ಕೋಟಿ ಘನ ಮೀಟರ್ ನೀರು. ಅದಕ್ಕಾಗಿ ಚೀನಾ ಉಪನದಿಯೊಂದರ ಹರಿವನ್ನೇ ತಿರುಗಿಸಿ, ಪಂಪ್‌ಗಳಲ್ಲಿ ಮೇಲೆತ್ತಿ, ಗಡಿಯವರೆಗೆ ತಂದಿತು. ಒಂದು ವರ್ಷದೊಳಗೆ ಕೆಲಸ ಮುಗಿಸಿ 1965ರ ಮಾರ್ಚ್ 1ಕ್ಕೆ ನೀರು ಬಿಟ್ಟರು. ಬಿಟ್ಟಿಯಾಗಲ್ಲ, ದುಡ್ಡಿಗೆ.

ಇಲ್ಲಿ ಬ್ರಿಟಿಷರ ಸಂಕಟ ಅರ್ಥವಾಗುತ್ತದೆ. ಚೀನಾದ ನೀರು ಕುಡಿದರೆ ಕುತ್ತಿಗೆ ಅವರ ಕೈಲಿ. ಕುಡಿಯದಿದ್ದರೆ ಬಾಯಾರಿಕೆ. ಸ್ವಾವಲಂಬಿ ಆಗೋಣ ಅಂತ 1975ರಲ್ಲಿ ಲೋಕ್ ಆನ್ ಪಾಯ್ ಎಂಬಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ತೆರೆದರು. ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡದು. ಆದರೆ ಅದಕ್ಕೆ ಎಣ್ಣೆ ಸುಡಬೇಕಿತ್ತು, ಎಣ್ಣೆ ಬೆಲೆ ಆಕಾಶಕ್ಕೆ ಏರಿತ್ತು. 1982ರಲ್ಲಿ ಮುಚ್ಚಿದರು. ಲೆಕ್ಕ ಹಾಕಿದರೆ ಪಕ್ಕದ ಮನೆಯ ನೀರೇ ಅಗ್ಗ. ಈಗಲೂ ಊರಿನ ನೀರಿನಲ್ಲಿ ಶೇಕಡ 70ರಿಂದ 80 ದೊಂಗ್‌ಜಿಯಾಂಗ್‌ನದೇ. ನಮ್ಮೆದುರಿನ ಈ ಜಲಾಶಯದಲ್ಲೂ ಅದು ಬೆರೆತಿದೆ.

ಕಟ್ಟೆಯ ಇನ್ನೊಂದು ತುದಿಯಲ್ಲಿ ಗೆಳೆಯನ ಮನೆಯಿಂದ ತಂದ ಚಪಾತಿ ತಿಂದೆವು. ಹದ್ದು ಒಂದು ಮೇಲೆಯೇ ಸುತ್ತುತ್ತಿತ್ತು.

ಭಾನುವಾರ

ಇವತ್ತು ನಡಿಗೆ ಜಾಸ್ತಿ. ಮೊದಲು ಬೌಂಡರಿ ಸ್ಟ್ರೀಟ್. ನೋಡಲು ಏನೂ ಇಲ್ಲ, ವಾಹನಗಳು ಓಡುವ ಮಾಮೂಲಿ ರಸ್ತೆ. ಆದರೆ 1860ರಲ್ಲಿ ಕೌಲೂನ್‌ನ ತುದಿಯನ್ನು ಬ್ರಿಟನ್ ಶಾಶ್ವತವಾಗಿ ಪಡೆದಾಗ ಎಳೆದ ಗೆರೆ ಇದೇ. ಇದರ ದಕ್ಷಿಣಕ್ಕೆ ಇದ್ದದ್ದು, ಹಾಗೇ 1842ರಲ್ಲಿ ಸಿಕ್ಕ ಹಾಂಗ್‌ಕಾಂಗ್ ದ್ವೀಪ, ಕಾಗದದ ಪ್ರಕಾರ ಶಾಶ್ವತ. ಉತ್ತರದ್ದು 1898ರಲ್ಲಿ 99 ವರ್ಷಕ್ಕೆ ಗೇಣಿಗೆ ತಗೊಂಡದ್ದು. ಒಟ್ಟು ನೆಲದಲ್ಲಿ ಶೇಕಡ 90ರಷ್ಟು ಗೇಣಿ ನೆಲವೇ. ನಾನು ಮಲಗುತ್ತಿದ್ದ ಮೇ ಹೋ ಹೌಸ್, ದೊಡ್ಡ ಜಲಾಶಯಗಳು, ವಿಮಾನ ನಿಲ್ದಾಣ, ಹೊಸ ಪಟ್ಟಣಗಳು ಎಲ್ಲ ಉತ್ತರಕ್ಕೆ. ಅಂದರೆ ಗೇಣಿ ಮುಗಿದ ಮೇಲೆ ಶಾಶ್ವತ ಭಾಗ ಇಟ್ಟುಕೊಂಡು ಏನೂ ಪ್ರಯೋಜನ ಇರಲಿಲ್ಲ.

ಅಲ್ಲಿಂದ ಸಾನ್ ಪೋ ಕಾಂಗ್. ಹಳೇ ಕಾರ್ಖಾನೆ ಕಟ್ಟಡಗಳು. ಈಗ ಅವುಗಳ ಮಹಡಿಗಳಲ್ಲಿ ಗೋದಾಮು, ಬ್ಯಾಡ್ಮಿಂಟನ್ ಕೋರ್ಟ್, ಬ್ಯಾಂಡ್‌ನವರ ಅಭ್ಯಾಸದ ಕೋಣೆ. 1967ರ ಮೇನಲ್ಲಿ ಇಲ್ಲಿನ ಪ್ಲಾಸ್ಟಿಕ್ ಹೂವಿನ ಕಾರ್ಖಾನೆಯೊಂದರ ಕಾರ್ಮಿಕರ ಜಗಳ ಊರಿಗೇ ಹತ್ತಿಕೊಂಡಿತು. ಗಡಿಯಾಚೆ ಮಾವೋನ ಸಾಂಸ್ಕೃತಿಕ ಕ್ರಾಂತಿ ಉರಿಯುತ್ತಿತ್ತು. ಎಡಪಂಥೀಯ ಸಂಘಗಳು ಬೀದಿಗಿಳಿದವು, ಬಾಂಬುಗಳು ಬಂದವು. ಜುಲೈ 8ರಂದು ಗಡಿಯ ಶಾ ತಾವ್ ಕೋಕ್‌ನಲ್ಲಿ ಆಚೆ ಕಡೆಯಿಂದ ಬಂದ ಗುಂಡಿಗೆ ಐವರು ಪೊಲೀಸರು ಸತ್ತರು. ಆಗಸ್ಟ್‌ನಲ್ಲಿ ಎಡಪಂಥೀಯರನ್ನು ಗೇಲಿ ಮಾಡುತ್ತಿದ್ದ ರೇಡಿಯೋ ನಿರೂಪಕ ಲಾಮ್ ಬನ್ ಅವರನ್ನು ಕಾರಿನಲ್ಲೇ ಸುಟ್ಟರು. ಒಟ್ಟು 51 ಜನ ಸತ್ತರು.

ಎಲ್ಲವನ್ನೂ ಬೀಜಿಂಗ್ ಮೇಲೆ ಹಾಕೋದು ಸುಲಭ. ಆದರೆ ಜನರಿಗೆ ಸಿಟ್ಟು ಹೇಳಿಕೊಳ್ಳಲು ಬೇರೆ ದಾರಿಯೂ ಇರಲಿಲ್ಲ. ಗವರ್ನರ್ ಲಂಡನ್‌ನಿಂದ ಬರುತ್ತಿದ್ದ. ಶಾಸನಸಭೆಗೆ ಚುನಾಯಿತ ಸದಸ್ಯರು ಮೊದಲು ಬಂದದ್ದೇ 1985ರಲ್ಲಿ. ಹಿಂದಿನ ವರ್ಷ, 1966ರಲ್ಲಿ, ಸ್ಟಾರ್ ಫೆರಿಯ ಮೊದಲ ದರ್ಜೆ ಟಿಕೆಟ್ 20 ಸೆಂಟ್‌ನಿಂದ 25 ಆದದ್ದಕ್ಕೇ ದಂಗೆ ಆಗಿತ್ತು. ಐದು ಸೆಂಟ್ ನೆಪ ಅಷ್ಟೇ. ನಾವು ಅದೇ ಫೆರಿಯಲ್ಲಿ ಸೆಂಟ್ರಲ್‌ಗೆ ದಾಟಿದೆವು. ಮೇಲಿನ ಮಹಡಿಯಲ್ಲಿ ಮರದ ಬೆಂಚು, ಬೆನ್ನಿನ ಹಲಗೆಯನ್ನು ಹಿಂದೆ ಮುಂದೆ ಹೊರಳಿಸಿದರೆ ಯಾವ ಕಡೆಗಾದರೂ ಮುಖ ಮಾಡಿ ಕೂರಬಹುದು. ಈ ಕಂಪನಿಯ ಮೂಲಪುರುಷ ಮುಂಬೈ ಕಡೆಯ ಪಾರ್ಸಿ, ದೊರಾಬ್‌ಜಿ ನವರೋಜಿ.

ಈಗ ನನಗೆ ತುಂಬ ಹಿಡಿಸಿದ ಸಂಗತಿ. ಅದೇ 1967ರ ಬೇಸಿಗೆಯಲ್ಲಿ ಮತ್ತೆ ಬರ. ಒಪ್ಪಂದದ ವರ್ಷದ ಪಾಲು ಜೂನ್‌ಗೆ ಮುಗಿದಿತ್ತು. ಹೆಚ್ಚುವರಿ ನೀರು ಕೊಡಿ ಅಂತ ಹಾಂಗ್‌ಕಾಂಗ್ ಕೇಳಿತು. ಚೀನಾ ಉತ್ತರ ಕೊಡಲಿಲ್ಲ. ಜುಲೈನಿಂದ ಪುನಃ ನಾಲ್ಕು ದಿನಕ್ಕೆ ನಾಲ್ಕು ಗಂಟೆ. ಬೀದಿಯಲ್ಲಿ ಬಾಂಬ್, ನಲ್ಲಿಯಲ್ಲಿ ಗಾಳಿ. ವಸಾಹತನ್ನು ಮುಗಿಸಬೇಕು ಅಂತ ಬೀಜಿಂಗ್‌ಗೆ ನಿಜವಾಗಿ ಮನಸ್ಸಿದ್ದರೆ ಅದಕ್ಕಿಂತ ಒಳ್ಳೇ ಹೊತ್ತು ಇರಲಿಲ್ಲ. ಆದರೆ ಒಪ್ಪಂದದ ಪ್ರಕಾರ ನೀರು ಮತ್ತೆ ಬರಬೇಕಿದ್ದದ್ದು ಅಕ್ಟೋಬರ್ 1ಕ್ಕೆ. ಅವತ್ತು ಸರಿಯಾಗಿ ಬಂತು!

ಯಾಕೆ ಬಂತು? ಚೀನಾದ ವಿದೇಶಿ ವಿನಿಮಯದ ದೊಡ್ಡ ಪಾಲು ಹಾಂಗ್‌ಕಾಂಗ್‌ನಿಂದಲೇ ಹುಟ್ಟುತ್ತಿತ್ತು. ನೀರು, ಹಂದಿ, ತರಕಾರಿ, ಬಟ್ಟೆ ಮಾರಿ ಪೌಂಡ್ ಪಡೆಯುತ್ತಿದ್ದರು. ಈ ಊರನ್ನು ಹಾಗೇ ಬಿಟ್ಟು, ದೂರದ ಲೆಕ್ಕ ಹಾಕಿ, ಪೂರ್ತಿ ಬಳಸಿಕೊಳ್ಳಬೇಕು ಅನ್ನೋದು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಅವರ ಕಾಲದ ನೀತಿ. ಹಾಂಗ್‌ಕಾಂಗನ್ನು ಕಾಯುತ್ತಿದ್ದದ್ದು ಬ್ರಿಟಿಷ್ ಬಂದೂಕಲ್ಲ, ಬೀಜಿಂಗ್‌ನ ಜಮಾಖರ್ಚು.

ಸೆಂಟ್ರಲ್‌ನಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕ್ ಕಟ್ಟಡದ ಕೆಳಗೆ ಭಾನುವಾರ ಕಾಲಿಡಲು ಜಾಗ ಇರಲ್ಲ. ಮನೆಗೆಲಸದ ಫಿಲಿಪ್ಪೀನ್ಸ್ ಹೆಂಗಸರು ರಟ್ಟಿನ ಡಬ್ಬ ಬಿಚ್ಚಿ ಹಾಸಿಕೊಂಡು ಊಟ, ಹಾಡು, ಇಸ್ಪೀಟು. ಬಾಗಿಲಲ್ಲಿ ಎರಡು ಕಂಚಿನ ಸಿಂಹ, ಒಂದರ ಮೈಮೇಲೆ ಯುದ್ಧ ಕಾಲದ ಗುಂಡಿನ ತೂತುಗಳು. ಸ್ವಲ್ಪ ಆಚೆ ಬ್ಯಾಂಕ್ ಆಫ್ ಚೈನಾದ ಹಳೇ ಕಟ್ಟಡ. 1967ರಲ್ಲಿ ಅಲ್ಲಿಂದ ಧ್ವನಿವರ್ಧಕದಲ್ಲಿ ಘೋಷಣೆ ಕೂಗಿಸಿದರೆ, ಎದುರಿನ ಸರ್ಕಾರಿ ಕಟ್ಟಡದಿಂದ ಹಾಡು ಹಾಕಿ ಅದನ್ನು ಮುಚ್ಚಿಸುತ್ತಿದ್ದರಂತೆ.

ಇನ್ನೊಂದು ಕಡೆ ಗೆಳೆಯರ ಪೆಟ್ಟು ನಿಂತಿರಲಿಲ್ಲ. ಹಾಂಗ್‌ಕಾಂಗ್‌ನ ಅಗ್ಗದ ಹತ್ತಿ ಬಟ್ಟೆಗೆ ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳು ಹೆದರಿದವು. 1959ರಲ್ಲಿ ಬ್ರಿಟನ್ ತನ್ನದೇ ವಸಾಹತಿನ ಕೈಲಿ ರಫ್ತಿಗೆ ಸ್ವಯಂಪ್ರೇರಿತ ಮಿತಿ ಅಂತ ಬರೆಸಿಕೊಂಡಿತು. ಬರೆಸಿಕೊಂಡ ಮೇಲೆ ಸ್ವಯಂಪ್ರೇರಿತ ಏನು ಬಂತು? ಆಮೇಲೆ ಅಮೆರಿಕದ ಕೋಟಾ. 1967ರ ನವೆಂಬರ್‌ನಲ್ಲಿ ಬ್ರಿಟನ್ ಪೌಂಡ್ ಬೆಲೆಯನ್ನು ಶೇಕಡ 14.3 ಇಳಿಸಿತು. ಹಾಂಗ್‌ಕಾಂಗ್‌ನ ಮೀಸಲು ಹಣವೆಲ್ಲ ಲಂಡನ್‌ನಲ್ಲಿ ಪೌಂಡ್ ರೂಪದಲ್ಲಿ ಇತ್ತು. ಗಲಾಟೆಯಿಂದ ಚೇತರಿಸಿಕೊಳ್ಳುತ್ತಿದ್ದ ಊರಿಗೆ ಕೂತಲ್ಲೇ ನಷ್ಟ. ಹಣಕಾಸು ಕಾರ್ಯದರ್ಶಿ ಕೌಪರ್‌ತ್ವೇಟ್ ಮೊದಲು ಹಾಂಗ್‌ಕಾಂಗ್ ಡಾಲರನ್ನೂ ಅಷ್ಟೇ ಇಳಿಸಿ, ಕೆಲವೇ ದಿನದಲ್ಲಿ ಶೇಕಡ 10 ಏರಿಸಿ ಸರಿಮಾಡಿದರು. ಮುಂದಿನ ವರ್ಷ ಲಂಡನ್ ಆ ಮೀಸಲಿನ ಬೆಲೆ ಮತ್ತೆ ಇಳಿಯದಂತೆ ಖಾತರಿ ಕೊಡಬೇಕಾಯಿತು. ಅದೂ ಸುಮ್ನೆ ಕೊಡಲಿಲ್ಲ, ಹಣವನ್ನು ಪೌಂಡ್‌ನಲ್ಲೇ ಇಟ್ಟಿರಬೇಕು ಅಂತ ಷರತ್ತು.

ಸೋಮವಾರ

ಟೂ ಐಎಫ್‌ಸಿ ಕಟ್ಟಡದ 55ನೇ ಮಹಡಿ. ಹಾಂಗ್‌ಕಾಂಗ್‌ನ ಹಣಕಾಸು ಪ್ರಾಧಿಕಾರದ ಮಾಹಿತಿ ಕೇಂದ್ರ. ಪ್ರವೇಶ ಪುಕ್ಕಟೆ, ಕೆಳಗೆ ಹೆಸರು ಬರೆಸಿ ಲಿಫ್ಟ್ ಹತ್ತಬೇಕು. ಕಿಟಕಿಯಿಂದ ಬಂದರಿನ ನೋಟಕ್ಕೇ ದುಡ್ಡು ಕೊಡಬಹುದಿತ್ತು.

ಜೇಬಿನಿಂದ ಒಂದು ನೂರರ ನೋಟು ತೆಗೆದು ನೋಡಿದೆ. ಅದನ್ನು ಛಾಪಿಸಿದ್ದು ಸರ್ಕಾರ ಅಲ್ಲ, ಎಚ್‌ಎಸ್‌ಬಿಸಿ. ಗೆಳೆಯನ ಹತ್ತಿರದ ನೂರರ ನೋಟು ಸ್ಟ್ಯಾಂಡರ್ಡ್ ಚಾರ್ಟರ್ಡ್‌ನದು, ಚಿತ್ರವೇ ಬೇರೆ. ಬ್ಯಾಂಕ್ ಆಫ್ ಚೈನಾ 1994ರಿಂದ ಸೇರಿಕೊಂಡಿತು. ಹತ್ತು ಡಾಲರ್ ನೋಟು ಮಾತ್ರ ಸರ್ಕಾರದ್ದು. ಬ್ಯಾಂಕುಗಳು ಸುಮ್ಮನೆ ಛಾಪಿಸುವ ಹಾಗಿಲ್ಲ. ಪ್ರತಿ 7.80 ಹಾಂಗ್‌ಕಾಂಗ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್ ಸರ್ಕಾರದ ವಿನಿಮಯ ನಿಧಿಗೆ ಕಟ್ಟಬೇಕು. ಈ 7.80 ಬಂದದ್ದು ಭಯದಿಂದ.

1982ರ ಸೆಪ್ಟೆಂಬರ್ 24ರಂದು ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬೀಜಿಂಗ್‌ನಲ್ಲಿ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಅವರನ್ನು ಕಂಡರು. 1997ರ ನಂತರವೂ ಆಡಳಿತ ಬ್ರಿಟನ್ ಕೈಲೇ ಇರಲಿ ಅನ್ನುವ ಮಾತಿಗೆ ಡೆಂಗ್ ಜಗ್ಗಲಿಲ್ಲ. ಹೊರಬರುವಾಗ ಥ್ಯಾಚರ್ ಮೆಟ್ಟಿಲಲ್ಲಿ ಎಡವಿದ್ದನ್ನು ಹಾಂಗ್‌ಕಾಂಗ್‌ನ ಮನೆಮನೆಯಲ್ಲೂ ಟಿವಿಯಲ್ಲಿ ನೋಡಿದರು. ಶಕುನ ನಂಬುವ ಊರು, ಕೇಳಬೇಕೇ? ಗೇಣಿ ಮುಗಿಯಲು 15 ವರ್ಷವೂ ಉಳಿದಿರಲಿಲ್ಲ. 15 ವರ್ಷದ ಮನೆಸಾಲ ಕೊಡುವ ಬ್ಯಾಂಕಿಗೆ ಆಚೆ ಏನು ಅಂತ ಕಾಣುತ್ತಿರಲಿಲ್ಲ. ಮನೆ ಬೆಲೆ ಬಿತ್ತು, ಷೇರು ಬಿತ್ತು. ಒಂದು ವರ್ಷ ಕಳೆದು ಅದೇ ಸೆಪ್ಟೆಂಬರ್ 24, 1983ರ ಶನಿವಾರ. ಮಾತುಕತೆ ಮುರಿಯುತ್ತಿದೆ ಅನ್ನುವ ಸುದ್ದಿ. ವರ್ಷದ ಶುರುವಿಗೆ 6.5ರ ಆಸುಪಾಸಿನಲ್ಲಿದ್ದ ಅಮೆರಿಕನ್ ಡಾಲರ್ 9.60 ಹಾಂಗ್‌ಕಾಂಗ್ ಡಾಲರ್‌ಗೆ ಹೋಯಿತು. ಜನ ಅಕ್ಕಿ, ಎಣ್ಣೆ, ಟಾಯ್ಲೆಟ್ ಪೇಪರ್ ಬಾಚಿಕೊಂಡರು. ಕೆಲವು ಅಂಗಡಿಗಳು ಬೆಲೆಯನ್ನು ಅಮೆರಿಕನ್ ಡಾಲರ್‌ನಲ್ಲೇ ಹೇಳತೊಡಗಿದವು. ಹಾಂಗ್ ಲುಂಗ್ ಬ್ಯಾಂಕ್ ಕುಸಿಯುವ ಹಂತಕ್ಕೆ ಬಂದಾಗ ಸರ್ಕಾರವೇ ಅದನ್ನು ವಹಿಸಿಕೊಂಡಿತು.

ಅಕ್ಟೋಬರ್ 17ರಿಂದ ಒಂದು ಅಮೆರಿಕನ್ ಡಾಲರ್‌ಗೆ 7.80 ಅಂತ ಕಟ್ಟಿಹಾಕಿದರು. ಇವತ್ತಿಗೂ 7.75ರಿಂದ 7.85ರ ನಡುವೆಯೇ ಇದೆ. ಅಂದರೆ ನೆಲ ಚೀನಾದ್ದು, ನೀರು ಚೀನಾದ್ದು, ಬಡ್ಡಿ ದರ ಮಾತ್ರ ವಾಷಿಂಗ್ಟನ್ ಹೇಳಿದ ಹಾಗೆ. ಈ ಊರಿನ ಪೇಚಾಟ ಒಂದೇ ಕಡೆ ನೋಡಬೇಕು ಅಂದರೆ ಆ ನೋಟು ಸಾಕು.

ದುಡ್ಡಿದ್ದವರು ಅದನ್ನೂ ನಂಬಲಿಲ್ಲ. ವಸಾಹತಿಗಿಂತಲೂ ಹಳೆಯದಾದ ಜಾರ್ಡಿನ್ ಮ್ಯಾಥಿಸನ್ ಕಂಪನಿ 1984ರಲ್ಲಿ ತನ್ನ ನೋಂದಣಿಯನ್ನು ಬರ್ಮುಡಾಕ್ಕೆ ಸಾಗಿಸಿತು. ಜನಸಾಮಾನ್ಯರಲ್ಲಿ ಆದವರು ಕೆನಡಾ, ಆಸ್ಟ್ರೇಲಿಯಾ ಹಿಡಿದರು. ಉಳಿದವರ ಭವಿಷ್ಯದ ಬಗ್ಗೆ 1984ರ ಡಿಸೆಂಬರ್‌ನಲ್ಲಿ ಎರಡು ಸರ್ಕಾರಗಳು ಸಹಿ ಹಾಕಿದವು. ಅವರನ್ನು ಒಂದು ಮಾತು ಕೇಳಿದ್ದಿಲ್ಲ.

ಮಂಗಳವಾರ

ಶೆಂಗ್ ಶುಯಿವರೆಗೆ ರೈಲು, ಅಲ್ಲಿಂದ ಬಸ್ಸು ಹಿಡಿದು, ಸ್ವಲ್ಪ ಗುಡ್ಡ ಹತ್ತಿ ಲೋಕ್ ಮಾ ಚಾವ್. 60, 70ರ ದಶಕದಲ್ಲಿ ಪ್ರವಾಸಿಗಳು ಇಲ್ಲಿ ನಿಂತು ಕೆಂಪು ಚೀನಾವನ್ನು ಇಣುಕಿ ನೋಡುತ್ತಿದ್ದರು. ಆಗ ಆಚೆ ಗದ್ದೆ. ಈಗ ಈಚೆ ಮೀನಿನ ಹೊಂಡಗಳು, ಬೆಳ್ಳಕ್ಕಿ. ಆಚೆ ಶೆನ್‌ಜೆನ್, ಕತ್ತು ಎತ್ತಿದಷ್ಟೂ ಗೋಪುರಗಳು. ಮಧ್ಯೆ ಸಣ್ಣ ಹೊಳೆ. 1949ರಲ್ಲಿ ಚೀನಾದ ಸೈನ್ಯ ಇಲ್ಲೇ ಬಂದು ನಿಂತದ್ದು, ದಾಟಲಿಲ್ಲ.

ಈ ಗಡಿಯಿಂದಲೇ 1962ರಿಂದ ದಿನಾ ಮೂರು ರೈಲು ಬರುತ್ತಿದ್ದವು, 751, 753, 755. ಜೀವಂತ ಹಂದಿ, ಕೋಳಿ, ತರಕಾರಿ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲೂ ಒಟ್ಟಾರೆ ನಡೆದವು. 2010ರಲ್ಲಿ ನಿಂತದ್ದು ಲಾರಿ ಅಗ್ಗವಾಯಿತು ಅಂತ.

1978ರ ನಂತರ ಡೆಂಗ್ ಬಾಗಿಲು ತೆರೆದಾಗ ಸಾನ್ ಪೋ ಕಾಂಗ್‌ನಂಥ ಕಡೆಯ ಕಾರ್ಖಾನೆಗಳು ಈ ಹೊಳೆ ದಾಟಿ ಹೋದವು. ಹಾಂಗ್‌ಕಾಂಗ್ ಮತ್ತೆ ಹಳೇ ದಲ್ಲಾಳಿ ಕಸುಬಿಗೆ ಬಂತು, ಈ ಸಲ ದೊಡ್ಡದಾಗಿ. 1997ರಲ್ಲಿ ಊರು ಕೈ ಬದಲಾದಾಗ ಅದರ ಉತ್ಪಾದನೆ ಚೀನಾದ ಒಟ್ಟು ಉತ್ಪಾದನೆಯ ಶೇಕಡ 18ರಷ್ಟಿತ್ತು. ಈಗ ಶೇಕಡ 3ಕ್ಕೂ ಕಡಿಮೆ.

ವಿಮಾನ ನಿಲ್ದಾಣದ ದಾರಿಯಲ್ಲಿ ಕ್ವಾಯ್ ಚುಂಗ್ ಕಂಟೇನರ್ ಬಂದರು ಕಾಣಿಸಿತು. 2004ರವರೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಕಂಟೇನರ್ ಇಳಿಸಿದ ಬಂದರು ಇದು. ಈಗ ಮೊದಲ ಹತ್ತರಲ್ಲೂ ಇಲ್ಲ. ಶೆನ್‌ಜೆನ್ ಮುಂದಿದೆ.

"ನಮ್ಮ ಕಂಪನಿಯ ಅರ್ಧ ಬುಕಿಂಗ್ ಈಗ ಆಚೆ ಬಂದರಿಂದಲೇ ಮಾರಾಯ" ಅಂದ ಗೆಳೆಯ. "ಮುಂದಿನ ವರ್ಷ ಆಫೀಸೂ ಆ ಕಡೆಗೇ ಹೋಗ್ತದೆ ಅಂತಿದ್ದಾರೆ. ಬಾಡಿಗೆ ಅರ್ಧ. ನನ್ನ ಹೆಂಡತಿ ಮಾತ್ರ ಬರಲ್ಲ ಅಂತಾಳೆ, ಮಗಳ ಶಾಲೆ ಇಲ್ಲಿದೆಯಲ್ಲ."